ಡಿಪ್‌ಸ್ಟಿಕ್ ಇಲ್ಲದ ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಆಯಿಲ್ ಎಷ್ಟಿದೆ ಎಂದು ನೋಡುವುದು ಹೇಗೆ?

ನೀವು ಬರೆದದ್ದು: 2016ರ ಹ್ಯುಂಡೈ ಕ್ರೆಟಾ ಡೀಸೆಲ್ ಆಟೊಮ್ಯಾಟಿಕ್, ಡಿಪ್‌ಸ್ಟಿಕ್ ಇಲ್ಲ, ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಸಣ್ಣ ಜರ್ಕ್, "ಕೆಳಗಿನ ಬೋಲ್ಟ್ ಬಿಚ್ಚಿದ್ರೆ ಗೊತ್ತಾಗುತ್ತೆ" ಎನ್ನುವ ಮೆಕ್ಯಾನಿಕ್, ಜೊತೆಗೆ ತಿಂಗಳಿಗೊಮ್ಮೆ ಲೆವೆಲ್ ಚೆಕ್ ಮಾಡುವ ಯೋಚನೆ. ಎಲ್ಲ ಗುರುತಿನದೇ, ನಾನೂ ಇದೇ ಪ್ರಶ್ನೆಯಿಂದ ಶುರು ಮಾಡಿದವನು. ಬೇರೇನು ಮಾಡದಿದ್ದರೂ ಇದೊಂದನ್ನು ಮಾಡಿ: ಎಂಜಿನ್ ಆಫ್ ಇರುವಾಗ ಆ ಬೋಲ್ಟಿಗೆ ಯಾರೂ ಸ್ಪ್ಯಾನರ್ ಹಾಕದಂತೆ ನೋಡಿಕೊಳ್ಳಿ.

ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಗೇರ್‌ಬಾಕ್ಸ್ ಹಾಳಾಗುವುದು ಇಲ್ಲೇ. ಎಂಜಿನ್ ಓಡುತ್ತಿರುವಾಗ ಪಂಪ್ ಕೆಳಗಿನ ಆಯಿಲನ್ನು ಎಳೆದು ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ವಾಲ್ವ್ ಬಾಡಿ (ಆಯಿಲ್ ದಾರಿ ಬದಲಿಸಿ ಗೇರ್ ಹಾಕುವ ಭಾಗ), ಕೂಲರ್ ಪೈಪುಗಳಿಗೆಲ್ಲ ತುಂಬುತ್ತದೆ. ಆಗ ತಳದಲ್ಲಿ ಉಳಿಯುವ ಮಟ್ಟವನ್ನು ಲೆಕ್ಕ ಹಾಕಿಯೇ ಆ ಕೆಳಗಿನ ಬೋಲ್ಟಿನ, ಅಂದರೆ ಲೆವೆಲ್ ಬೋಲ್ಟಿನ, ಎತ್ತರವನ್ನು ಇಟ್ಟಿರುತ್ತಾರೆ. ಎಂಜಿನ್ ನಿಂತರೆ ಮೇಲಿನ ಆಯಿಲ್‌ನಲ್ಲಿ ಒಂದಷ್ಟು ಕೆಳಗಿಳಿದು ತಳದ ಮಟ್ಟ ಏರುತ್ತದೆ. ಆ ಹೊತ್ತಿನಲ್ಲಿ ಬೋಲ್ಟ್ ಬಿಚ್ಚಿದರೆ ಆಯಿಲ್ ಗಳಗಳ ಸುರಿಯುತ್ತದೆ, ನೋಡಿದವರು "ಜಾಸ್ತಿ ಇತ್ತು, ಹೋಗಲಿ" ಅಂದುಕೊಳ್ಳುತ್ತಾರೆ. ಜಾಸ್ತಿ ಏನೂ ಇರಲಿಲ್ಲ. ಸುರಿಯುವುದು ನಿಂತ ಮೇಲೆ ಬೋಲ್ಟ್ ಹಾಕಿ ಗಾಡಿ ಸ್ಟಾರ್ಟ್ ಮಾಡಿದಾಗ ಪಂಪ್ ಮತ್ತೆ ಆಯಿಲ್ ಎಳೆಯುತ್ತದೆ, ತಳದಲ್ಲಿ ಸಾಲುವುದಿಲ್ಲ, ಗಾಳಿ ಸೇರುತ್ತದೆ. ಪ್ರೆಶರ್ ಬೀಳುತ್ತದೆ, ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯದೆ ಜಾರುತ್ತವೆ, ಜಾರಿದ್ದು ಸುಡುತ್ತದೆ. ಡಿಗೆ ಹಾಕಿದ ಮೇಲೆ ಗಾಡಿ ಒಂದು ಕ್ಷಣ ಯೋಚನೆ ಮಾಡಿ ಹೊರಟಂತೆ ಅನಿಸುವುದು ಇದರ ಮೊದಲ ಲಕ್ಷಣ. ತಿರುವಿನಲ್ಲಿ, ಘಾಟ್ ಏರುವಾಗ ಆಯಿಲ್ ಒಂದು ಬದಿಗೆ ಹೋಗುವುದರಿಂದ ಇನ್ನೂ ಬೇಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಬರೀ ಟಾಪ್‌ಅಪ್ ಮಾಡಿ ಪ್ರಯೋಜನವಿಲ್ಲ.

ಎರಡನೆಯದು ಬಿಸಿ. ಈ 6 ಸ್ಪೀಡ್ ಬಾಕ್ಸಿನಲ್ಲಿ ಒಟ್ಟು 7 ಲೀಟರ್ ಚಿಲ್ಲರೆ ಆಯಿಲ್ ಇರುತ್ತದೆ. ಒಂದು ಡಿಗ್ರಿ ಏರಿದರೆ ಸುಮಾರು 5 ಮಿಲಿ ಹಿಗ್ಗುತ್ತದೆ. ಹೈವೇಯಲ್ಲಿ ಓಡಿಸಿಕೊಂಡು ಬಂದು 90 ಡಿಗ್ರಿಯಲ್ಲಿ ನೋಡಿದರೆ ಸರಿಯಾಗಿರುವ ಗಾಡಿಯಿಂದಲೂ 150 ಮಿಲಿಗಿಂತ ಜಾಸ್ತಿ ಹೊರಗೆ ಬರುತ್ತದೆ. ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ಉಲ್ಟಾ: ಹನಿಯೂ ಬರುವುದಿಲ್ಲ, ನೀವು ತುಂಬಿಸುತ್ತ ಹೋಗುತ್ತೀರಿ, ಆಮೇಲೆ ಬಿಸಿಯಾದಾಗ ನೊರೆಯೆದ್ದು ಗಾಳಿಯಾಡುವ ರಂಧ್ರವಾದ ಬ್ರೀದರ್‌ನಿಂದ ಉಕ್ಕುತ್ತದೆ.

ಹಾಗಾಗಿ ಕ್ರಮ ಹೀಗೆ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಟೂ ಪೋಸ್ಟ್ ಲಿಫ್ಟಿನ ಮೇಲೆ ಅಥವಾ ಪಿಟ್ ಮೇಲೆ ತನ್ನಿ. ಮುಂದಿನ ಚಕ್ರ ಮಾತ್ರ ಜಾಕ್ ಹಾಕಿ ಎತ್ತಿದರೆ ಲೆಕ್ಕವೇ ತಪ್ಪುತ್ತದೆ, ಗಾಡಿ ಸಮತಟ್ಟಾಗಿರಬೇಕು. ಬರೀ ಜಾಕ್ ನಂಬಿ ಓಡುತ್ತಿರುವ ಗಾಡಿಯ ಕೆಳಗೆ ಹೋಗುವುದಂತೂ ಬೇಡವೇ ಬೇಡ. ಮೊದಲು ಮೇಲೆ ಆಯಿಲ್ ಹಾಕುವ ಬೋಲ್ಟ್ ಬಿಚ್ಚಿ, ಏರ್ ಫಿಲ್ಟರ್ ಡಬ್ಬ ತೆಗೆದರೆ ಕೈ ಸಲೀಸಾಗಿ ಹೋಗುತ್ತದೆ. ಅದು ಜಾಮ್ ಆಗಿದೆಯೋ ಇಲ್ಲವೋ ಎಂದು ಕೆಳಗೆ ಕೈ ಹಾಕುವ ಮೊದಲೇ ತಿಳಿಯಬೇಕು. ಅಲ್ಲಿಂದ 700 ಮಿಲಿ ಹೊಸ ಎಸ್‌ಪಿ-4 ಎಟಿಎಫ್ (ಈ ಬಾಕ್ಸಿನ ಗೇರ್ ಆಯಿಲ್) ಹಾಕಿ. ಬೇಕಂತಲೇ ಹೆಚ್ಚು ಹಾಕುವುದು ಇದು, ಹೆಚ್ಚಾದದ್ದು ಬೋಲ್ಟಿನಿಂದ ತಾನಾಗಿ ಇಳಿದುಹೋಗುತ್ತದೆ. ಹಾಕದೆ ಬಿಚ್ಚಿ, ಏನೂ ಬರದಿದ್ದರೆ ಎಷ್ಟು ಕಮ್ಮಿ ಇದೆ ಎಂದು ಹೇಗೆ ಹೇಳುತ್ತೀರಿ?

ಹಾಕಿದ ಬಾಯಿಯನ್ನು ಮುಚ್ಚಿ ಎಂಜಿನ್ ಸ್ಟಾರ್ಟ್ ಮಾಡಿ, ಐಡಲ್‌ನಲ್ಲೇ ಬಿಡಿ. ಬೇಗ ಬಿಸಿಯಾಗಲಿ ಎಂದು ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ಒತ್ತಬೇಡಿ. ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅಂಕಿ ಓದುವ ಯಂತ್ರ) ಗೇರ್ ಆಯಿಲ್ ಉಷ್ಣಾಂಶ 50ರಿಂದ 60 ಡಿಗ್ರಿಯೊಳಗೆ ಬಂದಾಗ ಬ್ರೇಕ್ ಒತ್ತಿಕೊಂಡು ಲಿವರನ್ನು ನಿಧಾನವಾಗಿ ಪಿಯಿಂದ ಡಿಗೆ, ಡಿಯಿಂದ ಪಿಗೆ ತನ್ನಿ. ಪ್ರತಿ ಜಾಗದಲ್ಲೂ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಿ, ಇನ್ನೊಮ್ಮೆ ಹಾಗೇ ಮಾಡಿ. ಆಮೇಲೆ ಪಿಯಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಲೆವೆಲ್ ಬೋಲ್ಟ್ ಬಿಚ್ಚಿ. ಡ್ರೇನ್ ಬೋಲ್ಟ್ ಬೇರೆ, ಕೈ ತಪ್ಪಿ ಅದಕ್ಕೆ ಹೋಗಬಾರದು. ಮೊದಲು ಜೋರಾಗಿ ಬರುತ್ತದೆ, ಕ್ರಮೇಣ ನಲ್ಲಿ ಪೂರ್ತಿ ತಿರುಗಿಸದೆ ಬಿಟ್ಟಾಗಿನಂಥ ಸಣ್ಣ ಧಾರೆಯಾಗುತ್ತದೆ. ಆಗ ಮುಚ್ಚಿ. ಹನಿ ನಿಲ್ಲುವವರೆಗೆ ಕಾಯಬೇಡಿ. ಏನೂ ಬರಲಿಲ್ಲವೆಂದರೆ ಬೋಲ್ಟ್ ಹಾಕಿ ಮೇಲಿನಿಂದ 200 ಮಿಲಿಯಂತೆ ಸೇರಿಸುತ್ತ ಮತ್ತೆ ನೋಡಿ, 60 ಡಿಗ್ರಿ ದಾಟಿದರೆ ಆರಲು ಬಿಡಿ. ವಾಷರ್ ಹೊಸದೇ ಇರಲಿ. ಟಾರ್ಕ್ ರೆಂಚ್ ಇದ್ದರೆ ಸುಮಾರು 40 ನ್ಯೂಟನ್ ಮೀಟರ್, ಅದಕ್ಕಿಂತ ಬಿಗಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಅಗ್ಗದ ಬ್ಲೂಟೂತ್ ಓಬಿಡಿ ಸ್ಕ್ಯಾನರಿನಲ್ಲಿ ಸಾಮಾನ್ಯವಾಗಿ ಕಾಣುವುದು ಕೂಲೆಂಟ್ ಉಷ್ಣಾಂಶ, ಗೇರ್ ಆಯಿಲ್‌ನದ್ದಲ್ಲ. ಕೂಲೆಂಟ್ ಬೇಗ ಕಾಯುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. ಹಾಗೇ ಬೇರೆ ಗಾಡಿಯ ವಿಡಿಯೋ ನೋಡಿ ಈ ಅಂಕಿಗಳನ್ನು ಬದಲಿಸಬೇಡಿ: ವೆಂಟೊ, ರ್‍ಯಾಪಿಡ್‌ನ 6 ಸ್ಪೀಡ್ ಬಾಕ್ಸಿಗೆ 35ರಿಂದ 45 ಡಿಗ್ರಿ, ಶೆವ್ರೊಲೆ ಕ್ರೂಜ್‌ಗೆ 85ರಿಂದ 95 ಡಿಗ್ರಿ. ಮಾರುತಿಯ ಎಜಿಎಸ್ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಹಾಕುವ ವ್ಯವಸ್ಥೆ) ಇದ್ದವರಿಗೆ ಇದ್ಯಾವುದೂ ಬೇಡ, ಅದು ಮ್ಯಾನುಯಲ್ ಬಾಕ್ಸೇ.

ಇನ್ನು ತಿಂಗಳಿಗೊಮ್ಮೆ ಚೆಕ್ ಮಾಡುವ ನಿಮ್ಮ ಯೋಚನೆ. ಬಿಟ್ಟುಬಿಡಿ. ಎಂಜಿನ್ ಆಯಿಲ್‌ನಂತೆ ಇದು ಉರಿದು ಕಮ್ಮಿಯಾಗುವುದಿಲ್ಲ. ಕಮ್ಮಿಯಾಗಿದೆ ಎಂದರೆ ಎಲ್ಲೋ ಸೋರಿದೆ. ರಾತ್ರಿ ಗೇರ್‌ಬಾಕ್ಸ್ ಕೆಳಗೆ ರಟ್ಟು ಹಾಸಿ, ಬೆಳಗ್ಗೆ ಕೆಂಪು ಅಥವಾ ಕಂದು ಹನಿ ಇದೆಯೇ ನೋಡಿ. ಆಕ್ಸಲ್ ಸೀಲ್, ಕೂಲರ್ ಪೈಪಿನ ಜಾಯಿಂಟುಗಳ ಮೇಲೆ ಕೈ ಆಡಿಸಿ. ಒಣಗಿದ್ದರೆ ಬೋಲ್ಟ್ ಮುಟ್ಟುವ ಕಾರಣವೇ ಇಲ್ಲ. ಆ ಜರ್ಕ್‌ಗೆ ಲೆವೆಲ್‌ಗಿಂತ ಹಳೆ ಆಯಿಲ್ ಕಾರಣವಿರಬಹುದು. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಓಡುವ ಗಾಡಿಗೆ 60,000 ಕಿ.ಮೀ.ಗೆ ಬದಲಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ, "ಲೈಫ್‌ಟೈಮ್ ಆಯಿಲ್" ಎಂದು ಯಾರು ಏನೇ ಹೇಳಲಿ. ಡ್ರೇನ್ ಮಾಡಿದ್ದನ್ನು ಅಳತೆಯ ಜಗ್ಗಿನಲ್ಲಿ ಹಿಡಿದು, ಅಷ್ಟೇ ಹೊಸದು ಹಾಕಿ, ಆಮೇಲೆ ಮೇಲಿನ ಕ್ರಮದಲ್ಲಿ ಲೆವೆಲ್ ನೋಡಿಸಿ. ಒಂದು ಸಲಕ್ಕೆ ಹೆಚ್ಚುಕಮ್ಮಿ ಅರ್ಧ ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರಿನಲ್ಲಿರುತ್ತದೆ. ಸಾವಿರ ಕಿ.ಮೀ. ಓಡಿಸಿ ಇನ್ನೊಮ್ಮೆ ಮಾಡಿಸಿ. ಅದಾದ ಮೇಲೂ ಜರ್ಕ್ ಉಳಿದರೆ ಸ್ಕ್ಯಾನರ್ ಹಾಕಿಸಿ ಗೇರ್‌ಬಾಕ್ಸಿನ ಫಾಲ್ಟ್ ಕೋಡ್ ಓದಿಸಿ.