ಬ್ಯಾಟರಿ ಕೆಲಸಕ್ಕೂ ಬಿಪಿಗೂ ನಂಟಿದೆಯಾ?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಹಳೇ ಬ್ಯಾಟರಿ ಬಿಚ್ಚಿ ಸೀಸ ಕರಗಿಸುವ ಕಡೆ ತುಂಬಾ ವರ್ಷದಿಂದ ದುಡಿಯುತ್ತಿದ್ದಾನೆ. ಈಗ ಬಿಪಿ ಶುರುವಾಗಿದೆ. ಬೀಡಿ, ಕುಡಿತ ಇಲ್ಲ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು. ಸೀಸದಿಂದ ಬಿಪಿ ಬರುತ್ತದಾ? ಮೈಯಿಂದ ಸೀಸ ತೆಗೆಯುವ ಡ್ರಿಪ್ ಹಾಕಿಸಬಹುದಾ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಬರಬಹುದು. ಆದರೆ ನಿಮ್ಮ ತಮ್ಮನ ಬಿಪಿಗೆ ಸೀಸವೇ ಕಾರಣ ಅಂತ ಪತ್ರ ಓದಿ ಹೇಳಲು ಆಗುವುದಿಲ್ಲ. ಉಪ್ಪು, ತೂಕ, ಅಪ್ಪ ಅಮ್ಮನಿಗೆ ಬಿಪಿ ಇತ್ತಾ ಅನ್ನುವುದು, ಇವೆಲ್ಲ ಇದ್ದೇ ಇವೆ. ಸೀಸವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂರನ್ನೂ ಹೃದ್ರೋಗದ ಅಪಾಯಗಳ ಸಾಲಿಗೆ ಸೇರಿಸಿತು. ನಮ್ಮಲ್ಲಿ ಬಿಪಿ ನೋಡುವಾಗ ‘ಏನು ಕೆಲಸ ಮಾಡ್ತೀರಿ?’ ಅಂತ ಕೇಳುವ ಡಾಕ್ಟರು ಎಷ್ಟು ಜನ ಇದ್ದಾರೆ ಹೇಳಿ!

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತಿರುತ್ತದೆ. ನಾಳ ಸಡಿಲವಾಗಿರುವುದು ಅದರಿಂದ. ಸೀಸ ಅದನ್ನು ಕಡಿಮೆ ಮಾಡುತ್ತದೆ, ನಾಳ ಬಿಗಿಯುತ್ತದೆ. ಕಿಡ್ನಿಗೂ ಪೆಟ್ಟು ಕೊಡುತ್ತದೆ. ಕಿಡ್ನಿ ಸೋತರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಕಿಡ್ನಿ ಇನ್ನಷ್ಟು ಸೋಲುತ್ತದೆ. ರಕ್ತದಲ್ಲಿನ ಸೀಸ ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಗೆ ಇಳಿದದ್ದು ಹಾಗಲ್ಲ, ದಶಕಗಟ್ಟಲೆ ಅಲ್ಲೇ ಕೂರುತ್ತದೆ. ಕೆಲಸ ಬಿಟ್ಟ ಮೇಲೂ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಒಸರುತ್ತದೆ.

ಇನ್ನು ಡ್ರಿಪ್. ಸುಮ್ನೆ ಹಾಕಿಸಬೇಡಿ. ಸೀಸ ವಿಪರೀತ ಏರಿದವರಿಗೆ ಆಸ್ಪತ್ರೆಯಲ್ಲಿ, ಡಾಕ್ಟರ ನಿಗಾದಲ್ಲಿ ಕೊಡುವ ಚಿಕಿತ್ಸೆ ಅದು. ತಪ್ಪು ಔಷಧ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಜೀವಕ್ಕೇ ಸಂಚಕಾರ. ಹೃದಯಾಘಾತವಾಗಿದ್ದ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2024ರಲ್ಲಿ ಬಂತು. ಡ್ರಿಪ್‌ನಿಂದ ರಕ್ತದ ಸೀಸ ಅರ್ಧಕ್ಕಿಂತ ಜಾಸ್ತಿ ಇಳಿಯಿತು, ಹೃದಯದ ತೊಂದರೆ ಮಾತ್ರ ಕಡಿಮೆಯಾಗಲಿಲ್ಲ. ಅಷ್ಟಕ್ಕೂ ಕೆಲಸದಲ್ಲಿ ಸೀಸದ ಹೊಗೆ ಕುಡಿಯುವುದು ನಿಲ್ಲದೆ ಡ್ರಿಪ್ ಹಾಕಿಸಿ ಏನು ಪ್ರಯೋಜನ?

ರಕ್ತದ ಸೀಸದ ಪರೀಕ್ಷೆ, ಜೊತೆಗೆ ಕಿಡ್ನಿ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದ್ದರೆ ಮೂಲ ಹುಡುಕಿ ತಡೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮಲ್ಲಿ ಮೂಲ ಹುಡುಕುವ ಕಷ್ಟವೇ ಇಲ್ಲ ಅಲ್ವಾ? ಬಿಪಿ ಮಾತ್ರೆ ಮಾತ್ರ ನಿಲ್ಲಿಸಬಾರದು.

ನನಗೆ ಜಾಸ್ತಿ ಚಿಂತೆ ಆ ಮಕ್ಕಳದ್ದು. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳಬಲ್ಲದು, ಮಿದುಳಿಗೆ ಪೆಟ್ಟು ಬೀಳುತ್ತದೆ. ಸೀಸದ ಧೂಳು ಹತ್ತಿದ ಕೆಲಸದ ಬಟ್ಟೆ, ಚಪ್ಪಲಿ ಮನೆಯೊಳಗೆ ಬರಬಾರದು. ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೇ ಮಕ್ಕಳನ್ನು ಎತ್ತಿಕೊಳ್ಳಲಿ. ಆ ಬಟ್ಟೆ ಬೇರೆಯಾಗಿಯೇ ಒಗೆಯಿರಿ. ತಮ್ಮನ ಜೊತೆ ಮಕ್ಕಳ ರಕ್ತವನ್ನೂ ಪರೀಕ್ಷೆಗೆ ಕೊಡಿ.