ಲಿಂಗ್‌ಷಿಯಾವೊಹುವಾ ಕಷಾಯ ಕುಡಿದ ಮೇಲೆ ಬಾಯಿ ಒಣಗಿ ಕಣ್ಣು ಮಂಜಾದರೆ

ತುರಿಕೆಗೆಂದು ಹಾಂಗ್‌ಕಾಂಗಿನ ಗಿಡಮೂಲಿಕೆ ಅಂಗಡಿಯಿಂದ ತಂದ, ಚೀನೀ ವೈದ್ಯದ ಒಣ ಹೂವಾದ ಲಿಂಗ್‌ಷಿಯಾವೊಹುವಾ ಕುದಿಸಿ ಕುಡಿದು, ಗಂಟೆಯೊಳಗೆ ಬಾಯಿ ಒಣಗಿ, ಕಣ್ಣು ಮಂಜಾಗಿ, ಎದೆ ಹೊಡೆದುಕೊಳ್ಳುತ್ತಿದೆ ಅಂದಿದ್ದೀರಿ. ಅದರಲ್ಲಿ ಯಾಂಗ್‌ಜಿನ್‌ಹುವಾ, ಅಂದರೆ ನಮ್ಮ ಉಮ್ಮತ್ತಿ ಹೂ, ಸೇರಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಈ ಅದಲುಬದಲು ಹಿಂದೆಯೂ ಆಗಿದೆ.

ಕಷಾಯ ನಿಲ್ಲಿಸಿ, ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ನೀವು ಓಡಿಸಬೇಡಿ, ವಾಂತಿ ಮಾಡಿಕೊಳ್ಳಲೂ ಹೋಗಬೇಡಿ. ಒಂದೆರಡು ಹೂ ಮನೆಯಲ್ಲಿಟ್ಟು, ಉಳಿದ ಹೂ, ಕುದಿಸಿದ ಚರಟ, ಔಷಧಿ ಚೀಟಿ ಮೂರನ್ನೂ ಒಯ್ಯಿರಿ. ‘ಅಟ್ರೊಪಿನ್, ಸ್ಕೊಪೊಲಮಿನ್ ವಿಷ ಇರಬಹುದು’ ಎಂದೇ ಹೇಳಿ; ಇವು ಉಮ್ಮತ್ತಿಯಲ್ಲಿರುವ ವಿಷಗಳು. ಮೂತ್ರ ಕಟ್ಟಿದ್ದರೆ, ಗ್ಲಾಕೋಮಾ ಇದ್ದರೆ ಅದನ್ನೂ ತಿಳಿಸಿ.

ಯಾಂಗ್‌ಜಿನ್‌ಹುವಾ ಚೀನೀ ವೈದ್ಯದಲ್ಲಿ ದಮ್ಮಿಗೆ, ನೋವಿಗೆ ಕೊಡುವ ಮದ್ದೇ, ಆದರೆ 0.3ರಿಂದ 0.6 ಗ್ರಾಂ ಮಾತ್ರ. ಲಿಂಗ್‌ಷಿಯಾವೊಹುವಾ 5ರಿಂದ 9 ಗ್ರಾಂ ಹಾಕುತ್ತಾರೆ. ಪೂರ್ತಿ ಅದಲಾದರೆ ಹತ್ತು ಪಟ್ಟು ಮೀರಬಹುದು.

ನೀವು ಆಸ್ಪತ್ರೆಗೆ ಹೊರಟ ಮೇಲೆ ಮನೆಯವರು ಆ ಒಂದೆರಡು ಹೂವನ್ನು ಬಿಸಿನೀರಲ್ಲಿ ನೆನೆಸಿ, ಸೀಳಿ ಕೇಸರ (ಹೂವಿನೊಳಗಿನ ಪರಾಗದ ಎಳೆ) ಎಣಿಸಲಿ. ನಾಲ್ಕಿದ್ದು, ಎರಡು ಉದ್ದ, ಎರಡು ಗಿಡ್ಡವಾದರೆ ಲಿಂಗ್‌ಷಿಯಾವೊಹುವಾ. ಐದಿದ್ದು, ಹೂ 9–15 ಸೆಂ.ಮೀ. ತುತ್ತೂರಿಯಾದರೆ ಉಮ್ಮತ್ತಿ. ಪುಡಿಯಾದ ಹೂವಿನಲ್ಲಿ ಇದು ತಿಳಿಯದು. ಒಂದು ಹೂ ಸರಿಯಿದ್ದ ಮಾತ್ರಕ್ಕೆ ಪೊಟ್ಟಣವೆಲ್ಲ ಸರಿ ಅಂದುಕೊಳ್ಳಬೇಡಿ.