ಓದುಗರ ಪ್ರಶ್ನೆ: ನವೆಂಬರ್ 1ಕ್ಕೆ ಕರ್ನಾಟಕ ಹುಟ್ತಾ, ಬರೀ ಹೆಸರು ಬಂತಾ?

ಪ್ರಶ್ನೆ: ಸರ್, ಕಾಂಪಿಟೇಟಿವ್ ಎಕ್ಸಾಮ್‌ಗೆ ಓದ್ತಿದೀನಿ. ನವೆಂಬರ್ 1 ಅಂದ್ರೆ ಒಂದು ನೋಟ್ಸಲ್ಲಿ 1956 ಅಂತಿದೆ, ಇನ್ನೊಂದ್ರಲ್ಲಿ 1973. ಯಾವುದು ಕರೆಕ್ಟು?

ಉತ್ತರ: ಎರಡೂ ಕರೆಕ್ಟೇ, ಅದಕ್ಕೇ ಎಲ್ರೂ ಇಲ್ಲಿ ಎಡವೋದು. 1956ರಲ್ಲಿ ರಾಜ್ಯ ಒಂದಾಯ್ತು, 1973ರಲ್ಲಿ ಅದಕ್ಕೆ ಕರ್ನಾಟಕ ಅಂತ ಹೆಸರು ಬಂತು, ಮಧ್ಯದ 17 ವರ್ಷ ನಮ್ಮದು ಮೈಸೂರು ರಾಜ್ಯನೇ.

1956ರ ಕಥೆ ಸ್ವಲ್ಪ ಡೀಟೇಲಾಗಿ ನೋಡಿ. ರಾಜ್ಯಗಳನ್ನ ಹೇಗೆ ವಿಂಗಡಿಸ್ಬೇಕು ಅಂತ ನೋಡೋಕೆ ಕೇಂದ್ರ ಸರ್ಕಾರ ನೇಮಿಸಿದ್ದ ಫಜಲ್ ಅಲಿ ಆಯೋಗದ ವರದಿ ಆದ್ಮೇಲೆ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಬಂತು, ಅದು ಜಾರಿಯಾದ ದಿನನೇ ನವೆಂಬರ್ 1. ಅಂದ್ರೆ ಈ ಡೇಟು ನಮಗೊಬ್ರಿಗೇ ಅಂತ ಇಟ್ಟಿದ್ದಲ್ಲ, ಕೇರಳ ಹುಟ್ಟಿದ್ದೂ ಅವತ್ತೇ. ಹಳೇ ಮೈಸೂರಿಗೆ ಬಾಂಬೆ ಕಡೆಯಿಂದ ಧಾರವಾಡ, ಬಿಜಾಪುರ, ಉತ್ತರ ಕನ್ನಡ, ಬೆಳಗಾವಿ (ಅದ್ರಲ್ಲೂ ಚಂದಗಡ ತಾಲೂಕು ಬಿಟ್ಟು, ಅದೀಗ ಕೊಲ್ಹಾಪುರ ಜಿಲ್ಲೇಲಿದೆ), ಹೈದರಾಬಾದ್ ಕಡೆಯಿಂದ ಗುಲ್ಬರ್ಗಾ, ರಾಯಚೂರು, ಬೀದರ್‌ನ ಕನ್ನಡ ಭಾಗಗಳು, ಮದ್ರಾಸ್ ಕಡೆಯಿಂದ ದಕ್ಷಿಣ ಕನ್ನಡ ಮತ್ತೆ ಕೊಳ್ಳೇಗಾಲ, ಜೊತೆಗೆ ಕೊಡಗು ಸೇರ್ಕೊಂಡ್ವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯ್ತು, ಆ ನೋವು ಇವತ್ತಿಗೂ ಆರಿಲ್ಲ ಬಿಡಿ. ಕಡಿದಾಳ್ ಮಂಜಪ್ಪನವರು ಅಕ್ಟೋಬರ್ 31ರ ತನಕ ಸಿಎಂ, ಮಾರನೇ ದಿನ ಒಂದಾದ ರಾಜ್ಯಕ್ಕೆ ನಿಜಲಿಂಗಪ್ಪನವರು. ಅಲ್ಲೀವರೆಗೆ ರಾಜಪ್ರಮುಖರಾಗಿದ್ದ (ಹಳೇ ಸಂಸ್ಥಾನಗಳಲ್ಲಿ ರಾಜ್ಯಪಾಲರ ಥರದ ಹುದ್ದೆ) ಜಯಚಾಮರಾಜ ಒಡೆಯರ್ ಅವರೇ ಅವತ್ತಿಂದ ರಾಜ್ಯಪಾಲರಾದ್ರು.

ಹೆಸರಿಗೆ ಯಾಕೆ ಇಷ್ಟು ಲೇಟು ಅಂದ್ರೆ, ಹಳೇ ಮೈಸೂರು ಕಡೆ ತುಂಬಾ ಜನಕ್ಕೆ ಮೈಸೂರು ಅನ್ನೋ ಹೆಸರು ಬಿಟ್ಕೊಡೋಕೆ ಮನಸ್ಸಿರ್ಲಿಲ್ಲ, ಏಕೀಕರಣನೇ ಬೇಡ ಅಂದವರೂ ಅಲ್ಲಿದ್ರು, ಆದ್ರೆ ಉತ್ತರದ ಕಡೆಯವರಿಗೆ ಮೈಸೂರು ಅಂದ್ರೆ ನಮ್ಮದು ಅನ್ನಿಸ್ತಿರ್ಲಿಲ್ಲ. ನನ್ ಪ್ರಕಾರ ಅವರ ಬೇಜಾರು ನ್ಯಾಯವಾದದ್ದೇ. ಕೊನೆಗೆ ದೇವರಾಜ ಅರಸು ಸಿಎಂ ಆಗಿದ್ದಾಗ, ಅವರೂ ಮೈಸೂರು ಕಡೆಯವರೇ, 1972ರಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಆಗಿ 1973ರ ನವೆಂಬರ್ 1ಕ್ಕೆ ಕರ್ನಾಟಕ ಆಯ್ತು. ಆದ್ರೆ ಏಕೀಕರಣ ಹೋರಾಟಕ್ಕೆ ಜೀವ ತುಂಬಿದ ಆಲೂರು ವೆಂಕಟರಾಯರು 1964ರಲ್ಲೇ ತೀರ್ಕೊಂಡಿದ್ರು.

2014ರ ನವೆಂಬರ್ 1ನ್ನೂ ಬರ್ಕೊಳ್ಳಿ. ಬ್ಯಾಂಗಲೋರ್ ಬೆಂಗಳೂರಾಗಿ, ಬೆಲ್ಗಾಂ ಬೆಳಗಾವಿಯಾಗಿ, ಗುಲ್ಬರ್ಗಾ ಕಲಬುರಗಿಯಾಗಿ, ಒಟ್ಟು 12 ಊರಿನ ಹೆಸರು ಸರ್ಕಾರಿ ಲೆಕ್ಕದಲ್ಲಿ ಬದಲಾದ ದಿನ ಅದು.

ಇನ್ನೊಂದು, ಬಳ್ಳಾರಿನ 1956ರಲ್ಲಿ ಸೇರ್ಕೊಂಡ ಜಿಲ್ಲೆಗಳ ಲಿಸ್ಟಿಗೆ ಸೇರಿಸ್ಬೇಡಿ. ಆಂಧ್ರ ರಾಜ್ಯ ಆದಾಗ್ಲೇ, 1953ರ ಅಕ್ಟೋಬರ್ 1ಕ್ಕೆ, ಅದು ಮೈಸೂರಿಗೆ ಬಂದಿತ್ತು, ಅದೂ 7 ತಾಲೂಕು ಮಾತ್ರ, ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲೇ ಉಳ್ಕೊಂಡ್ವು.